ಕಿಮ್ಲುವಾನಳ ಬಿಳಿ ಬಿಲ್ಲೆಗಳು

ಕಿಮ್ಲುವಾನ್ ದ್ವೀಪದ ನಡುಭಾಗದ ನಮ್ಮ ಫೆಂಗ್ಯುವಾನ್ ಊರಿಗೆ ಬಂದಿಳಿದಾಗ ಅವಳ ಕೈಯಲ್ಲಿ ಇದ್ದದ್ದು ಒಂದು ಬಟ್ಟೆಯ ಗಂಟು, ಒಂದು ಒಣಮೀನಿನ ಪೊಟ್ಟಣ ಅಷ್ಟೇ. ಬಸ್ಸಿನಿಂದ ಇಳಿದವಳು ನೇರವಾಗಿ ನನ್ನ ಶಾವಿಗೆ ಅಂಗಡಿಯ ಮುಂದೆ ಬಂದು ನಿಂತಳು.

"ಅಕ್ಕಾ, ಕ್ವಾ ಅವರ ಕಾರ್ಖಾನೆ ಯಾವುದು?"

ನಾನು ಸೌಟು ಎತ್ತಿ ರಸ್ತೆಯ ಆಚೆ ಬದಿ ತೋರಿಸಿದೆ. ತಗಡಿನ ಮಾಡು, ಹೊಸ್ತಿಲ ತುಂಬ ಎಣ್ಣೆಯ ಕಲೆ, ಒಳಗೆ ಗುಂಯ್‌ಗುಡುವ ಲೇತ್ ಯಂತ್ರಗಳು.

"ಅಡುಗೆ ಕೆಲಸಕ್ಕೆ ಬಂದ್ಯಾ?"

"ಅಲ್ಲ, ಲೇತಿಗೆ."

"ನಿನ್ನ ಮೈ ನೋಡಿದ್ರೆ ಆ ಲೇತೇ ನಿನ್ನನ್ನ ಗಿರಗಿರ ತಿರುಗಿಸಿಬಿಡುತ್ತೆ."

"ಉಪ್ಪು ಹೊತ್ತು ಬೆಳೆದವಳು ಅಕ್ಕಾ ನಾನು. ಮೊದಲು ಒಂದು ಬಟ್ಟಲು ಶಾವಿಗೆ ಕೊಡು, ತಮಾಷೆ ಆಮೇಲೆ ಮಾಡುವಿಯಂತೆ."

ನಮ್ಮ ಸ್ನೇಹ ಶುರುವಾದದ್ದು ಹೀಗೆ. ಅವಳಿಗಿನ್ನೂ ಹದಿನೇಳು ತುಂಬಿರಲಿಲ್ಲ. ನಾನು ಗಂಡನನ್ನು ಕಳೆದುಕೊಂಡು ಒಬ್ಬಳೇ ಅಂಗಡಿ ನಡೆಸುತ್ತಿದ್ದ ಕಾಲ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಬಂದು ಹಿಂದಿನ ಬೆಂಚಿನ ಮೇಲೆ ಕಾಲು ಚಾಚುವಳು, ನಾನು ಗೆಣಸಿನ ಸೊಪ್ಪು ಬಿಡಿಸುವೆ, ಮಾತು ತಾನಾಗಿ ನಡೆಯುತ್ತಿತ್ತು.

ಅವಳ ಊರು ದಕ್ಷಿಣದ ಕಡಲಂಚು. ಮನೆಮಂದಿಯೆಲ್ಲ ಉಪ್ಪಿನಾಗರದಲ್ಲಿ ದುಡಿಯುವವರು. ಉಪ್ಪಿನಷ್ಟು ಜಿಗುಟಿನ ವಸ್ತು ಲೋಕದಲ್ಲಿ ಬೇರೆ ಇಲ್ಲ ಎನ್ನುತ್ತಿದ್ದಳು. ಬಟ್ಟೆಗೆ, ರೆಪ್ಪೆಗೆ, ಅನ್ನದ ಬಟ್ಟಲಿಗೆ, ಕಾಲಿನ ಬಿರುಕಿಗೆ, ಎಲ್ಲದಕ್ಕೂ ಅಂಟುತ್ತದೆ, ಅಂಟಿದಲ್ಲಿ ಕಚ್ಚುತ್ತದೆ. ಚಿಕ್ಕಂದಿನಿಂದ ಅವಳಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತಂತೆ. ಕಣ್ಣು ಹಾಯುವವರೆಗೆ ಬಿಳಿ ಬಯಲು. ಹೆಗಲ ಮೇಲೆ ಬುಟ್ಟಿ. ಯಾರೂ ದೂಡುವುದಿಲ್ಲ, ಯಾರೂ ಎಳೆಯುವುದಿಲ್ಲ, ಆದರೂ ಅವಳು ಮೆಲ್ಲಗೆ ಜಾರಿಕೊಂಡು ಹೋಗುತ್ತಿದ್ದಾಳೆ. ಮೋಡದ ನೆರಳು ಹೋಗುತ್ತದಲ್ಲ, ಹಾಗೆ.

"ಎಲ್ಲಿಗೆ ಹೋಗ್ತೀಯೆ?" ಎಂದು ಕೇಳಿದ್ದೆ.

"ಎಲ್ಲಿಗೂ ಇಲ್ಲ ಅಕ್ಕಾ. ಹೋಗ್ತಾ ಇರ್ತೀನಿ ಅಷ್ಟೆ. ಕಾಲಡಿ ಏನೂ ಚುಚ್ಚಲ್ಲ."

ಮೊದಲ ಕೆಲವು ವರ್ಷ ಅವಳ ಪಾಲಿಗೆ ಬಂದದ್ದು ಕಬ್ಬಿಣ, ಹಿತ್ತಾಳೆ. ಕಾದ ಚೂರುಗಳು ತೋಳಿನ ಮೇಲೆ ಸಿಡಿದು ಎಳ್ಳಿನಂಥ ಕಲೆಗಳಾದವು. ಕೆಲಸ ಚೆನ್ನಾಗಿ ಕಲಿತಳು. ಆದರೆ ಅದರ ಮೇಲೆ ಅವಳಿಗೆ ಮೋಹ ಹುಟ್ಟಿರಲಿಲ್ಲ. ಹಾಗಿರುವಾಗ ಒಂದು ದಿನ ಮಾಲೀಕ ಕ್ವಾ ತೋಳುದ್ದದ ಒಂದು ಬಿಳಿ ದಿಂಡನ್ನು ತಂದು ಮೇಜಿನ ಮೇಲೆ ಇಟ್ಟ. ಕೆಲಸಗಾರರೆಲ್ಲ ಸುತ್ತ ನೆರೆದರು. ಊಟ ಕೊಡಲು ಹೋಗಿದ್ದ ನಾನೂ ಇಣುಕಿದೆ. ಹಬ್ಬಕ್ಕೆ ಉಗಿಯಲ್ಲಿ ಬೇಯಿಸಿದ ಅಕ್ಕಿ ಕಡುಬನ್ನು ಉದ್ದಕ್ಕೆ ಉರುಳಿಸಿಟ್ಟ ಹಾಗಿತ್ತು.

"ತ್ಯೆ-ಫು-ಲೊಂಗ್," ಎಂದ ಕ್ವಾ. ಪರದೇಶದ ಟೆಫ್ಲಾನ್ ಎಂಬ ಮಾತನ್ನು ನಮ್ಮವರು ನಾಲಿಗೆಗೆ ಒಗ್ಗಿಸಿಕೊಂಡದ್ದು ಹೀಗೆ. ನಮ್ಮ ಲಿಪಿಯಲ್ಲಿ ಅಕ್ಷರಕ್ಕೊಂದು ಅರ್ಥ; ಇದನ್ನು ಬರೆಯುವಾಗ ಮೊದಲ ಅಕ್ಷರ ಕಬ್ಬಿಣದ್ದು, ಕೊನೆಯದು ಡ್ರ್ಯಾಗನ್ನಿನದು.

"ಹೆಸರಲ್ಲಿ ಕಬ್ಬಿಣ ಇದೆ, ಡ್ರ್ಯಾಗನ್ ಇದೆ. ಮುಟ್ಟಿದ್ರೆ ಮೇಣದ ಹಾಗಿದೆಯಲ್ಲ ಮಾರಾಯ," ಎಂದು ಪಕ್ಕದ ಲೇತಿನ ತಾಂಗ್ ನಕ್ಕ. ಅವನ ಬೆರಳಲ್ಲಿ ಸದಾ ಸಿಗರೇಟು.

"ನಕ್ಕಿದ್ದು ಸಾಕು. ಎಣ್ಣೆ ಹಾಕೋಕೆ ಆಗದ ಜಾಗಕ್ಕೆಲ್ಲ ಇನ್ಮೇಲೆ ಇದೇ. ಆಮ್ಲದ ಕೊಳವೆ, ಔಷಧದ ಯಂತ್ರ, ಮಗ್ಗದ ಬಳೆ, ಎಲ್ಲಕ್ಕೂ. ಯಾರು ಮಾಡ್ತೀರಿ?"

ಗಂಡಸರಿಗೆ ಅದು ಕೆಲಸ ಎನಿಸಲಿಲ್ಲ. ಉಗುರು ಒತ್ತಿದರೆ ಗುರುತು ಬೀಳುವ ವಸ್ತು, ಕೊರೆದರೆ ಸದ್ದಿಲ್ಲ, ಕಿಡಿಯಿಲ್ಲ. ಕಿಮ್ಲುವಾನ್ ಮಾತ್ರ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ನೋಡಲು ಹಗುರವೆಂದು ಕಾಣುತ್ತಿದ್ದುದು ಕೈಯಲ್ಲಿ ಭಾರವಾಗಿತ್ತು. ಮಲಗಿದ ಮಗುವನ್ನು ಎತ್ತಿದ ಹಾಗಾಯಿತು ಎಂದು ಆಮೇಲೆ ನನಗೆ ಹೇಳಿದಳು.

ಅಂದಿನಿಂದ ಬಿಳಿ ಕೆಲಸವೆಲ್ಲ ಅವಳದೇ ಆಯಿತು. ಚೂಪು ಉಳಿ ತಾಗಿದ ಕೂಡಲೇ ಅದರಿಂದ ಉದ್ದುದ್ದ ನಾರು ಸುರುಳಿ ಸುರುಳಿಯಾಗಿ ಇಳಿಯುತ್ತಿತ್ತು. ತುಂಡಾಗುತ್ತಲೇ ಇರಲಿಲ್ಲ. ಬಿಸಿಲು ಕಿಟಕಿಯಿಂದ ಒಳಬರುವ ಹೊತ್ತಿನಲ್ಲಿ ಅವಳ ಮೊಣಕಾಲಿನವರೆಗೆ ಬಿಳಿಯ ರಾಶಿ ಎದ್ದು, ಅವಳು ಮೋಡದಲ್ಲಿ ನಿಂತು ಕೆಲಸ ಮಾಡುವ ಹಾಗೆ ಕಾಣುತ್ತಿತ್ತು. ರಸ್ತೆಯ ಈಚೆಯಿಂದ ನಾನು ಕೈಯಲ್ಲಿ ಸೌಟು ಹಿಡಿದು ಎಷ್ಟೋ ಸಲ ನೋಡುತ್ತ ನಿಂತುಬಿಟ್ಟಿದ್ದೇನೆ. ಗಿರಾಕಿಗಳು ಬೈದ ಮೇಲೆ ಎಚ್ಚರ.

ಆ ವಸ್ತುವಿನ ಗುಣ ವಿಚಿತ್ರ. ಬಿಗಿಯಾಗಿ ಹಿಡಿದರೆ ಹಿಡಿತದೊಳಗೇ ಆಕಾರ ಕೆಡುತ್ತದೆ. ಬಿಟ್ಟರೆ ನಿಧಾನವಾಗಿ ಬೇರೊಂದು ಅಳತೆಗೆ ಬರುತ್ತದೆ. ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಒಂದು ಅಳತೆ ತೋರಿಸಿದರೆ ಬಿಸಿಲೇರಿದ ಮೇಲೆ ಇನ್ನೊಂದು. ಕಿಮ್ಲುವಾನ್ ಅದಕ್ಕೇ ಅವಸರ ಮಾಡುತ್ತಿರಲಿಲ್ಲ. ಕೊರೆದ ತುಂಡುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟು, "ಮಲಗಿ ಎದ್ದೇಳಲಿ, ಆಮೇಲೆ ಅಳೀತೀನಿ" ಎನ್ನುವಳು. ಕ್ವಾ ಗೊಣಗುತ್ತಿದ್ದ, ಆದರೆ ತಡೆಯುತ್ತಿರಲಿಲ್ಲ.

ಅವಳು ರೇಗಿದ್ದನ್ನು ನಾನು ಒಮ್ಮೆ ಮಾತ್ರ ಕಂಡೆ. ತಾಂಗ್ ಬಿಳಿ ಪುಡಿ ಮೆತ್ತಿದ ಕೈಯಲ್ಲೇ ಸಿಗರೇಟು ಸೇದಿ, ಸಂಜೆಗೆ ಗಡಗಡ ನಡುಗುತ್ತ ಮಲಗಿದ. ಆ ಪುಡಿ ಬೆಂಕಿ ಕಂಡರೆ ವಿಷದ ಹೊಗೆಯಾಗುತ್ತದೆ, ಜ್ವರ ಬರಿಸುತ್ತದೆ. ಮಾರನೆಯ ದಿನ ಅವನು ಬಂದಾಗ ಕಿಮ್ಲುವಾನ್ ಅವನ ಸಿಗರೇಟು ಪೊಟ್ಟಣವನ್ನು ಕಿತ್ತು ಚರಂಡಿಗೆ ಎಸೆದಳು. "ಅದು ತನ್ನ ಪಾಡಿಗೆ ತಾನಿರುತ್ತೆ. ಅದಕ್ಕೆ ಬೆಂಕಿ ಇಟ್ಟವನು ನೀನು. ಸತ್ತರೆ ನಿನ್ನ ಹೆಂಡತಿಗೆ ನಾನೇನು ಹೇಳಲಿ?"

ಬುನ್‌ಖೆ ಬಂದದ್ದು ಇದೆಲ್ಲ ಆಗಿ ಒಂದೆರಡು ವರ್ಷಕ್ಕೆ. ಹೊಳೆಯ ಕಡೆಯ ಪ್ರಾಥಮಿಕ ಶಾಲೆಯಲ್ಲಿ ಗಂಟೆ ಬಾರಿಸುವುದು, ಮುರಿದ ಬೆಂಚು ಕೂಡಿಸುವುದು, ಗಿಡಕ್ಕೆ ನೀರು ಹಾಕುವುದು ಅವನ ಕೆಲಸ. ಮನೆಯಲ್ಲಿ ತಾಯಿ ಲಿಯಾವ್ ಅಜ್ಜಿ, ಇವನೊಬ್ಬನೇ ಮಗ. ಮಾತು ಕಡಿಮೆ. ನನ್ನ ಅಂಗಡಿಯಲ್ಲಿ ತಿನ್ನುವಾಗಲೂ ಇನ್ನೊಂದು ಬಟ್ಟಲು ಬೇಕೆಂದು ಹೇಳಲು ಅವನಿಗೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ನಾನೇ ತಂದಿಡುತ್ತಿದ್ದೆ. ಅವನಿಗಿದ್ದ ಹುಚ್ಚು ಒಂದೇ, ಆಕಾಶ. ದಪ್ಪ ಗಾಜಿನ ಬಿಲ್ಲೆಯೊಂದನ್ನು ಎಲ್ಲಿಂದಲೋ ತಂದು, ಎರಡು ಚಳಿಗಾಲ ಕೂತು ಉಜ್ಜಿ ಉಜ್ಜಿ ಕನ್ನಡಿ ಮಾಡಿ, ಚರಂಡಿಯ ದೊಡ್ಡ ಕೊಳವೆಯ ತಳಕ್ಕೆ ಕೂರಿಸಿ ದೂರದರ್ಶಕ ಕಟ್ಟಿದ್ದ. ಅದರ ಪೀಠ ಶಾಲೆಯ ಹಳೆ ಬೆಂಚುಗಳ ಹಲಗೆ.

ಒಂದು ಮಧ್ಯಾಹ್ನ ಅವನು ಕಾರ್ಖಾನೆಯ ಬಾಗಿಲಲ್ಲಿ ಟೋಪಿ ಹಿಂಡುತ್ತ ನಿಂತಿದ್ದ.

"ಏನು ಬೇಕಿತ್ತು ಅಣ್ಣಾ?" ಕಿಮ್ಲುವಾನ್ ಕೇಳಿದಳು.

"ಜಾರೋದು."

"ಏನು ಜಾರೋದು?"

"ಏನಾದ್ರೂ." ಟೋಪಿಯನ್ನು ಇನ್ನೊಂದು ಸುತ್ತು ಹಿಂಡಿದ ಮೇಲೆ ಉಳಿದದ್ದೂ ಹೊರಬಂತು. ಕೊಳವೆಯನ್ನು ಬೆರಳಿನಿಂದ ದೂಡಿದರೆ ಅಲುಗುವುದಿಲ್ಲ. ಇನ್ನಷ್ಟು ದೂಡಿದರೆ ಸಟ್ಟನೆ ಹಾರುತ್ತದೆ. ಚಂದ್ರ ಕನ್ನಡಿಯಿಂದ ಆಚೆ ಹೋಗಿಬಿಡುತ್ತಾನೆ. ಮೇಣದಬತ್ತಿ ತಿಕ್ಕಿ ನೋಡಿದ, ಸಾಬೂನು ತಿಕ್ಕಿದ, ಎಣ್ಣೆ ಹಚ್ಚಿದ. ಹೊರಡುವುದೇ ಅದಕ್ಕೆ ಕಷ್ಟ.

ಅವಳು ಮೂಲೆಯಿಂದ ಅಂಗೈಯಗಲದ ಬಿಳಿ ಚೂರುಗಳನ್ನು ಆರಿಸಿ ಕೊಟ್ಟಳು. ಎರಡು ದಿನ ಕಳೆದು ಅವನು ಅವನ್ನೇ ಹಿಡಿದುಕೊಂಡು ವಾಪಸು ಬಂದ.

"ಅಂಟ್ತಾ ಇಲ್ಲ."

"ಯಾವ ಅಂಟು ಹಾಕಿದ್ರಿ?"

"ಇರೋದೆಲ್ಲ ಹಾಕಿದೆ. ಬೆಳಿಗ್ಗೆ ನೋಡಿದ್ರೆ ಒಣಗಿದ ಎಲೆ ಥರ ಉದುರಿ ಬಿದ್ದಿರುತ್ತೆ."

ಕಿಮ್ಲುವಾನ್ ನಗಲು ಶುರು ಮಾಡಿದವಳು ನಿಲ್ಲಿಸಲಾರದೆ ಹೋದಳು. ನನ್ನ ಅಂಗಡಿಗೂ ಕೇಳಿಸಿತು. "ಅಣ್ಣಾ, ಅಂಟೋದಾಗಿದ್ರೆ ಅದು ಇದಾಗ್ತಾ ಇರಲಿಲ್ಲ. ಇದಕ್ಕೆ ಲೋಕದಲ್ಲಿ ಯಾರೂ ಅಂಟಲ್ಲ."

"ಹಾಗಾದ್ರೆ?"

"ಮೊಳೆ ಹೊಡೀಬೇಕು. ಹಿತ್ತಾಳೆ ಮೊಳೆ. ತಲೆ ಒಳಗೆ ಮುಳುಗೋ ಹಾಗೆ ಗುಳಿ ತೋಡಿ ಹೊಡೀಬೇಕು, ಇಲ್ಲಾಂದ್ರೆ ಗೀರುತ್ತೆ. ಬಿಡಿ, ನಾನೇ ಬರ್ತೀನಿ. ನಿಮ್ಮ ಕೈಗೆ ಕೊಟ್ಟರೆ ಬೆಂಚು ರಿಪೇರಿ ಮಾಡಿದ ಹಾಗೆ ಮಾಡ್ತೀರಿ."

ಆ ಸಂಜೆ ಅವಳು ಹೋದಳು. ಪೀಠದ ಅಡಿಗೆ ಮೂರು ಬಿಲ್ಲೆ, ಕೊಳವೆ ಏಳುವ ಬೀಳುವ ಪಕ್ಕಗಳಿಗೆ ನಾಲ್ಕು. ಬಿದಿಗೆಯ ಎಳೆ ಚಂದ್ರ ಪಶ್ಚಿಮದಲ್ಲಿ, ಗದ್ದೆಗಳ ಆಚೆ ಇನ್ನೂ ಕೆಂಪು ಆರಿರಲಿಲ್ಲ. ಬುನ್‌ಖೆ ಅವಳಿಗೇ ಮೊದಲು ನೋಡಲು ಹೇಳಿದ. ಅವಳು ಕಣ್ಣಿಟ್ಟು, ಕಿರುಬೆರಳಿನಿಂದ ಕೊಳವೆಯನ್ನು ಮುಟ್ಟಿದಳು.

ಮಾರನೆಯ ಮಧ್ಯಾಹ್ನ ಅವಳು ನನ್ನ ಬೆಂಚಿನ ಮೇಲೆ ಕೂತು ಕಿರುಬೆರಳಿನಿಂದ ಬಟ್ಟಲನ್ನು ಮೆಲ್ಲಗೆ ದೂಡುತ್ತಿದ್ದಳು. ಶಾವಿಗೆ ತಣ್ಣಗಾಗುತ್ತಿತ್ತು.

"ಅಕ್ಕಾ, ಅದು ಯಾವಾಗ ಹೊರಟಿತು ಅಂತ ನನಗೆ ಗೊತ್ತೇ ಆಗಲಿಲ್ಲ," ಎಂದಳು ಕೊನೆಗೆ. "ನಿಂತಿದ್ದಿದ್ದು ಯಾವಾಗ, ಹೋಗ್ತಾ ಇದ್ದದ್ದು ಯಾವಾಗ, ನಡುವೆ ಒಂದು ಗೆರೆ ಇರುತ್ತಲ್ಲ, ಅದೇ ಇರಲಿಲ್ಲ. ಇಷ್ಟು ವರ್ಷ ಇದನ್ನ ಕೊರೆದು ಕೊರೆದು ಕಳಿಸ್ತಾ ಇದ್ದೀನಿ, ಹೋದ ಕಡೆ ಇದು ಏನು ಮಾಡುತ್ತೆ ಅಂತ ನಿನ್ನೆ ನೋಡಿದೆ."

"ಚಂದ್ರ ಹೇಗಿದ್ದ?"

"ಹೌದು, ಚಂದ್ರನೂ ಇದ್ದ."

ಇನ್ನು ಇವರಿಬ್ಬರ ಮದುವೆ ಆದ ಹಾಗೆಯೇ ಎಂದು ನನಗೆ ಆಗಲೇ ಗೊತ್ತಾಯಿತು. ಬುನ್‌ಖೆಯ ಬಾಯಿಂದ ಆ ಮಾತು ಹೊರಡುವುದಕ್ಕೆ ಮಾತ್ರ ಮತ್ತೊಂದು ವರ್ಷ ಹಿಡಿಯಿತು. ಅದೂ ನನ್ನ ಅಂಗಡಿಯಲ್ಲೇ, ನಾನು ಎರಡನೆಯ ಬಟ್ಟಲು ತಂದಿಟ್ಟಾಗ. "ಇದನ್ನ ಅವಳಿಗೆ ಕೊಡಿ," ಎಂದ. ನಾನು ಕೊಟ್ಟೆ. ಕಿಮ್ಲುವಾನ್ ಬಟ್ಟಲನ್ನೂ ಅವನನ್ನೂ ನೋಡಿ, "ಒಂದು ಬಟ್ಟಲಿಗೆ ನಾನು ಬರಲ್ಲ, ದಿನಾ ಕೊಡ್ತೀರಾ ಕೇಳಕ್ಕಾ," ಎಂದಳು. ಅವನು ತಲೆ ಆಡಿಸಿದ.

ಲಿಯಾವ್ ಅಜ್ಜಿಗೆ ಸೊಸೆಯ ಮೇಲೆ ಕೋಪವಿರಲಿಲ್ಲ, ಕೊಳವೆಯ ಮೇಲಿತ್ತು. ಚಂದ್ರನ ಕಡೆ ಬೆರಳು ತೋರಿಸಿದರೆ ಅವನು ಇಳಿದುಬಂದು ಕಿವಿ ಕೊಯ್ಯುತ್ತಾನೆ ಎಂಬುದನ್ನು ನಮ್ಮಲ್ಲಿ ಯಾವ ಮಗು ಕೇಳದೆ ಬೆಳೆದಿದೆ? ಅಜ್ಜಿ ಅದನ್ನು ಅರವತ್ತು ದಾಟಿದರೂ ಬಿಟ್ಟಿರಲಿಲ್ಲ.

"ಬೆರಳು ತೋರಿಸಿದ್ರೇ ಕಿವಿ ಹೋಗುತ್ತೆ. ನೀವಿಬ್ರೂ ಇಡೀ ಚರಂಡಿ ಕೊಳವೆನೇ ತೋರಿಸ್ತೀರಲ್ರೋ," ಎನ್ನುವಳು.

"ಅತ್ತೆ, ನೋಡಿ, ನನ್ನ ಕಿವಿ ಎರಡೂ ಇವೆ."

"ಇವೆ, ಆದ್ರೆ ನಾನು ಹೇಳಿದ್ದು ಒಂದೂ ಕೇಳಿಸಲ್ಲ."

ಮದುವೆಯಾದ ಮೂರನೆಯ ವರ್ಷ ಕಿಮ್ಲುವಾನ್ ಬಸುರಾದಳು. ಆರನೆಯ ತಿಂಗಳಲ್ಲಿ ಕೂಸು ಹೋಯಿತು. ಹೆಣ್ಣು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಲಿಯಾವ್ ಅಜ್ಜಿ ಎಳ್ಳೆಣ್ಣೆಯಲ್ಲಿ ಕೋಳಿ ಬೇಯಿಸಿ, ಬಾಣಂತಿಗೆ ಕೊಡುವ ಹಾಗೆಯೇ ಬಟ್ಟಲಲ್ಲಿ ಹಾಕಿ ಕೊಟ್ಟಳು. ಸೊಸೆ ತಿಂದು ಮುಗಿಸುವ ತನಕ ಪಕ್ಕದಲ್ಲಿ ಕೂತಿದ್ದಳು. ಕಿಮ್ಲುವಾನ್ ತಿಂಗಳ ಮೇಲೆ ಲೇತಿಗೆ ಹಿಂತಿರುಗಿದಳು, ಆದರೆ ದೂರದರ್ಶಕದ ಹತ್ತಿರ ಹೋಗಲಿಲ್ಲ. ಬುನ್‌ಖೆ ಒಬ್ಬನೇ ನೋಡಲು ಮನಸ್ಸಾಗದೆ ಅದನ್ನು ಶಾಲೆಯ ಮೈದಾನದ ಮೂಲೆಯ ಗುಡಿಸಲಲ್ಲಿ, ಪೊರಕೆ ಸಲಿಕೆಗಳ ಜೊತೆ ಇಟ್ಟು ಬಟ್ಟೆ ಹೊದಿಸಿದ.

ಆ ವರ್ಷಗಳು ಹೇಗೆ ಹೋದವೋ. ಗದ್ದೆಗಳ ಮೇಲೆ ಇನ್ನಷ್ಟು ತಗಡಿನ ಮಾಡುಗಳು ಎದ್ದವು. ಕ್ವಾನ ಕೂದಲು ನರೆತು, ಗಣಕದಿಂದ ನಡೆಯುವ ಹೊಸ ಯಂತ್ರಗಳು ಬಂದವು. ಬಿಳಿ ಕೆಲಸ ಮಾತ್ರ ಹಳೆ ಲೇತಿನಲ್ಲಿ, ಕಿಮ್ಲುವಾನಳ ಕೈಯಲ್ಲೇ ಉಳಿಯಿತು. ರಾಶಿಯ ನಡುವೆ ನಿಂತ ಅವಳನ್ನು ನೋಡುವಾಗ ಅವಳು ಎಚ್ಚರವಾಗಿದ್ದಾಳೋ ನಿದ್ದೆಯಲ್ಲಿದ್ದಾಳೋ ಎಂದು ನನಗೆ ಅನುಮಾನ ಬರುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ, ಆ ಕನಸು ಈಗಲೂ ಬೀಳುತ್ತದೆಯೇ ಎಂದು.

"ಬೀಳುತ್ತೆ," ಎಂದಳು. "ಈಗ ಬುಟ್ಟಿ ಇರಲ್ಲ. ಕೈ ಮಾತ್ರ ಬುಟ್ಟಿ ಹಿಡಿದ ಹಾಗೇ ಇರುತ್ತೆ."

ಭೂಮಿ ನಡುಗಿದ್ದು ತೊಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ, ಊರೆಲ್ಲ ಮಲಗಿದ್ದಾಗ. ಅದರ ಬಗ್ಗೆ ಬಹಳ ಹೇಳಲಾರೆ. ಬೆಳಕು ಹರಿದಾಗ ಹೊಳೆಯ ಸೇತುವೆ ಮುರಿದು ಬಿದ್ದಿತ್ತು. ರಸ್ತೆ ಒಂದಾಳೆತ್ತರ ಮೇಲೆದ್ದಿತ್ತು. ನನ್ನ ಅಂಗಡಿಯಲ್ಲಿ ಒಲೆಯೊಂದು ನಿಂತಿತ್ತು, ಗೋಡೆಯಿರಲಿಲ್ಲ. ಲಿಯಾವ್ ಅವರ ಮನೆಯ ಹಿಂಭಾಗ ಕುಸಿದಿತ್ತು. ಬುನ್‌ಖೆ ತಾಯಿಯನ್ನು ಎಳೆದು ಹೊರತಂದವನು ತಾನು ತೊಲೆಯ ಅಡಿ ಸಿಕ್ಕಿ ಕಾಲು ಮುರಿದುಕೊಂಡಿದ್ದ. ಕಿಮ್ಲುವಾನ್ ಬರಿಗೈಯಲ್ಲಿ ಇಟ್ಟಿಗೆ ತೆಗೆದು ತೆಗೆದು ಅವನನ್ನು ಬಿಡಿಸಿದಳು. ಅವಳ ಉಗುರುಗಳೆಲ್ಲ ಹೋಗಿದ್ದವು.

ಉಳಿದವರೆಲ್ಲ ಶಾಲೆಯ ಮೈದಾನ ಸೇರಿದೆವು. ಶಾಲೆಯ ಗೋಡೆಗಳು ಬಿರಿದು ನಿಂತಿದ್ದರಿಂದ ಒಳಗೆ ಹೋಗುವ ಹಾಗಿರಲಿಲ್ಲ. ತಾಡಪಾಲು ಕಟ್ಟಿಕೊಂಡು, ಒಂದೇ ಹಂಡೆಯಲ್ಲಿ ಗಂಜಿ ಕಾಯಿಸಿಕೊಂಡು ಇದ್ದೆವು. ನೆಲ ಆಗಾಗ ಮತ್ತೆ ನಡುಗುತ್ತಿತ್ತು. ಮೊದಲ ದಿನ ಲಿಯಾವ್ ಅಜ್ಜಿ ಎಲ್ಲರಿಗೂ ಬೈಯುತ್ತ ಗಟ್ಟಿಯಾಗಿಯೇ ಇದ್ದಳು. ಎರಡನೆಯ ದಿನ ಗುಡ್ಡದ ಕಡೆಯ ದೊಂಗ್‌ಷಿ ಊರಿನಿಂದ ಸುದ್ದಿ ಬಂತು, ಅವಳ ತಂಗಿ ಇನ್ನಿಲ್ಲ ಎಂದು. ಇಬ್ಬರೂ ಒಂದೇ ಹಾಸಿಗೆಯಲ್ಲಿ ಬೆಳೆದವರು. ಅಜ್ಜಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ, ಊರವರ ಮೇಲೆಲ್ಲ ಚಾಡಿ ಹೇಳಿ, ಕೈಸನ್ನೆಯಲ್ಲೇ ಜಗಳವಾಡಿ ಬರುತ್ತಿದ್ದಳು. ಸುದ್ದಿ ಕೇಳಿದ ಮೇಲೆ ಅಜ್ಜಿ ಮಾತು ನಿಲ್ಲಿಸಿದಳು. ಗಂಜಿ ಮುಟ್ಟಲಿಲ್ಲ. ಕಣ್ಣು ತೆರೆದೇ ಮಲಗಿದ್ದಳು. ಕಿಮ್ಲುವಾನ್ ಚಮಚ ತುಟಿಗೆ ತಂದರೆ ಮುಖ ತಿರುಗಿಸುತ್ತಿರಲಿಲ್ಲ, ಬಾಯಿಯನ್ನೂ ತೆರೆಯುತ್ತಿರಲಿಲ್ಲ.

ಮಾರನೆಯ ದಿನವೋ ಅದರ ಮಾರನೆಯ ದಿನವೋ ಬೆಳಿಗ್ಗೆ ಒಂದು ಲಾರಿಯಲ್ಲಿ ಯಾರೋ ಪುಣ್ಯವಂತರು ಚಕ್ಕೋತ ಹಣ್ಣು, ಹಬ್ಬದ ಸಿಹಿರೊಟ್ಟಿ ತಂದು ಇಳಿಸಿದರು. ಶರತ್ಕಾಲದ ಹುಣ್ಣಿಮೆ ಹಬ್ಬ ಇವತ್ತೇ ಎಂದು ಆಗ ನಮಗೆ ನೆನಪಾಯಿತು. ಯಾರಿಗೂ ಸಂತೋಷಪಡಲು ಧೈರ್ಯವಿರಲಿಲ್ಲ. ಮಕ್ಕಳು ಮಾತ್ರ ಚಕ್ಕೋತದ ಸಿಪ್ಪೆಯನ್ನು ಟೋಪಿ ಮಾಡಿ ತಲೆಗೆ ಹಾಕಿಕೊಂಡರು.

ಕಾಲಿಗೆ ಬಿದಿರ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಬುನ್‌ಖೆ ಹೆಂಡತಿಯನ್ನು ಕರೆದ.

"ಗುಡಿಸಲು ನಿಂತಿದೆಯಾ?"

"ನಿಂತಿದೆ."

"ಹೊರಗೆ ತೆಗಿ."

ಏನನ್ನು ಎಂದು ಅವಳು ಕೇಳಲಿಲ್ಲ. ನಾನೂ ಅವಳೂ ಪೊರಕೆಗಳನ್ನು ಸರಿಸಿ, ದೂರದರ್ಶಕವನ್ನು ಹೊತ್ತು ಮೈದಾನಕ್ಕೆ ತಂದೆವು. ಕೊಳವೆ ಒಂದು ಕಡೆ ನೆಗ್ಗಿತ್ತು, ಕನ್ನಡಿಗೆ ಏನೂ ಆಗಿರಲಿಲ್ಲ. ಆದರೆ ದೂಡಿದರೆ ಕಿರ್ ಎಂದಿತು. ಕಿಮ್ಲುವಾನ್ ಪೀಠವನ್ನು ಮಗುಚಿ ಹಾಕಿ ನೋಡಿದಳು. ಇಷ್ಟು ವರ್ಷ ಒಂದೇ ಕಡೆ ಭಾರ ಹೊತ್ತು ಕೂತಿದ್ದ ಬಿಲ್ಲೆಗಳು ಬೆರಳಲ್ಲಿ ಒತ್ತಿದ ಹಿಟ್ಟಿನ ಹಾಗೆ ತೆಳ್ಳಗಾಗಿ, ಅಂಚಿನಲ್ಲಿ ಹೊರಕ್ಕೆ ಹರಿದಿದ್ದವು. ಮೊಳೆಯ ತಲೆಗಳು ಮೇಲೆ ಕಾಣುತ್ತಿದ್ದವು.

"ಪಾಪ," ಎಂದಳು. ಯಾರಿಗೆ ಹೇಳಿದಳೋ.

ಅವಳು ಕಾರ್ಖಾನೆಗೆ ಹೋದಳು. ನಾನೂ ಜೊತೆಗೆ ಹೋದೆ. ಲೇತುಗಳು ಮಗುಚಿ ಬಿದ್ದಿದ್ದವು. ವಿದ್ಯುತ್ತು ಇಡೀ ದ್ವೀಪದಲ್ಲೇ ಅಲ್ಲೊಂದು ಕಡೆ ಇತ್ತು, ಇಲ್ಲೊಂದು ಕಡೆ ಇಲ್ಲ, ನಮಗಂತೂ ಇರಲಿಲ್ಲ. ತಗಡಿನ ಸಂದಿನಿಂದ ಒಂದು ಬಿಳಿ ಹಲಗೆಯ ಚೂರನ್ನು ಎಳೆದು ತಂದು, ಮೈದಾನದ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲಿಟ್ಟು ಚಾಕುವಿನಿಂದ ಕೊಯ್ಯತೊಡಗಿದಳು. ಬಟ್ಟೆ ಸುತ್ತಿದ ಬೆರಳುಗಳು. ವಸ್ತು ಮೆತ್ತಗಿದ್ದುದೇ ಒಳ್ಳೆಯದಾಯಿತು. ಕಬ್ಬಿಣವೋ ಹಿತ್ತಾಳೆಯೋ ಆಗಿದ್ದರೆ ಯಂತ್ರವಿಲ್ಲದೆ ಏನು ಮಾಡಲು ಸಾಧ್ಯವಿತ್ತು? ಚಕ್ಕೋತದ ಟೋಪಿಯ ಮಕ್ಕಳು ಸುತ್ತ ಕೂತು ಉದುರುವ ಬಿಳಿ ಚಕ್ಕೆಗಳನ್ನು ಆರಿಸಿಕೊಂಡರು.

"ಅತ್ತೆಮ್ಮಾ, ಇದು ತಿನ್ನೋದಾ?" ಒಂದು ಹುಡುಗಿ ಕೇಳಿದಳು.

"ತಿಂದ್ರೆ ಹೊಟ್ಟೆಗೂ ಅಂಟಲ್ಲ. ಬೇಡ, ಸಿಹಿರೊಟ್ಟಿ ತಿನ್ನು."

ಮಧ್ಯಾಹ್ನ ದಾಟುವ ಹೊತ್ತಿಗೆ ಬಿಲ್ಲೆಗಳು ಸಿದ್ಧವಾದವು. ಹಳೆಯ ಮೊಳೆಗಳನ್ನೇ ನೆಟ್ಟಗೆ ಮಾಡಿ ಹೊಡೆದಳು. ಸೂರ್ಯ ಇಳಿದ ಮೇಲೆ ಪೂರ್ವದ ಗುಡ್ಡಗಳ ಹಿಂದಿನಿಂದ ಚಂದ್ರ ಎದ್ದ. ಸುತ್ತ ಎಲ್ಲಿಯೂ ಒಂದು ದೀಪವಿಲ್ಲ. ಹುಟ್ಟಿದಾಗಿನಿಂದ ಅದೇ ಊರಲ್ಲಿದ್ದರೂ ಅಂಥ ಚಂದ್ರನನ್ನು ನಾನು ಕಂಡಿರಲಿಲ್ಲ. ಹೊಳೆ, ಮುರಿದ ಸೇತುವೆ, ಬಿರಿದ ಗೋಡೆ, ಸಾಲು ತಾಡಪಾಲು, ಎಲ್ಲವೂ ನೀರಿನ ತಳದಲ್ಲಿ ಇರುವ ಹಾಗೆ ಕಾಣುತ್ತಿದ್ದವು. ಜನ ಒಬ್ಬೊಬ್ಬರಾಗಿ ಬಂದು ನಿಂತರು. ಚಂದ್ರ ಕನ್ನಡಿಯಲ್ಲಿ ನಿಲ್ಲುವವನಲ್ಲ, ಸರಿಯುತ್ತಲೇ ಇರುತ್ತಾನೆ; ಕಿಮ್ಲುವಾನ್ ಪಕ್ಕದಲ್ಲಿ ನಿಂತು ಒಂದು ಬೆರಳಿನಿಂದ ಕೊಳವೆಯನ್ನು ಅವನ ಹಿಂದೆ ಕಳಿಸುತ್ತಿದ್ದಳು. ತಾಂಗ್ ನೋಡಿದ. ಕ್ವಾ ನೋಡಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ.

ನಡುವೆ ಒಮ್ಮೆ ನೆಲ ನಡುಗಿತು. ಎಲ್ಲರೂ ಇದ್ದಲ್ಲೇ ಕುಕ್ಕರಗಾಲಲ್ಲಿ ಕೂತೆವು. ಹಂಡೆಯ ಮುಚ್ಚಳ ಸದ್ದು ಮಾಡಿತು. ಒಬ್ಬ ಹುಡುಗ ಮಾತ್ರ ಕಣ್ಣು ತೆಗೆಯದೆ ಹೇಳಿದ, "ಚಂದ್ರ ನಡುಗ್ತಾ ಇದ್ದಾನೆ." ಸ್ವಲ್ಪ ಹೊತ್ತಿಗೆ, "ನಿಂತ."

ತಿರುಗಿ ನೋಡಿದರೆ ಲಿಯಾವ್ ಅಜ್ಜಿ ತಾಡಪಾಲಿನಿಂದ ಹೊರಗೆ ಬಂದು ನಿಂತಿದ್ದಳು. ಕಂಬಳಿಯನ್ನು ಹೆಗಲಿಗೆ ಹೊದ್ದು, ಎರಡೂ ಕೈಯಿಂದ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಯಾರೂ ನಗಲಿಲ್ಲ. ಸಾಲು ತಾನಾಗಿ ಬಿಟ್ಟುಕೊಟ್ಟಿತು.

"ಅತ್ತೆ, ಇಲ್ಲಿ ಕಣ್ಣಿಡಿ," ಎಂದಳು ಕಿಮ್ಲುವಾನ್. "ಕಿವಿ ನಾನು ಹಿಡ್ಕೋತೀನಿ."

ಅವಳು ಹಿಂದೆ ನಿಂತು, ಬಟ್ಟೆ ಸುತ್ತಿದ ಅಂಗೈಗಳಿಂದ ಅತ್ತೆಯ ಕಿವಿ ಮುಚ್ಚಿದಳು. ಕೊಳವೆಯನ್ನು ದೂಡಲು ಈಗ ಅವಳಿಗೆ ಕೈಯಿರಲಿಲ್ಲ. ಅಜ್ಜಿಯೇ, ಏನು ಮಾಡುತ್ತಿದ್ದಾಳೆಂದು ತಿಳಿಯದೆ, ಕೊಳವೆಯ ಮೇಲೆ ಕೈ ಊರಿದಳು. ಅದು ಅವಳ ಕೈಯ ಕೆಳಗೆ ಮೆಲ್ಲಗೆ ಹೊರಟಿತು. ಅವಳು ಬಹಳ ಹೊತ್ತು ನೋಡಿದಳು.

"ಅಲ್ಲೂ ಎಲ್ಲಾ ಬಿದ್ದುಹೋಗಿದೆ ಕಣೇ," ಎಂದಳು ಕೊನೆಗೆ. "ಅಂಚಿನಲ್ಲಿ ಎಲ್ಲಾ ಗುಳಿ, ಗುಡ್ಡೆ."

"ಹೌದು ಅತ್ತೆ."

"ಬಿದ್ದು ಎಷ್ಟು ಕಾಲವಾಯ್ತೋ. ಯಾರೂ ಅಳ್ತಾ ಇಲ್ಲ."

ಅಜ್ಜಿ ಮತ್ತೆ ಸ್ವಲ್ಪ ಹೊತ್ತು ನೋಡಿ, "ನನ್ನ ತಂಗಿಗೆ ತೋರಿಸಬೇಕಾಗಿತ್ತು. ಅವಳಿಗೆ ಕಿವಿ ಮೇಲೆ ಆಸೆನೇ ಇರಲಿಲ್ಲ, ಹುಟ್ಟಾ ಕಿವುಡಿ," ಎಂದಳು. ಆಮೇಲೆ ಅತ್ತಳು. ಸುದ್ದಿ ಬಂದ ಮೇಲೆ ಅವಳ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು. ಸೊಸೆ ಅವಳ ಕಿವಿಯಿಂದ ಕೈ ತೆಗೆಯಲಿಲ್ಲ. ಇಬ್ಬರೂ ಹಾಗೆಯೇ ನಿಂತಿದ್ದರು, ಕೊಳವೆ ತನ್ನಷ್ಟಕ್ಕೆ ಬೆಳದಿಂಗಳ ಕಡೆ ತಿರುಗಿ ನಿಂತಿತ್ತು. ಅಂದು ಅಜ್ಜಿ ಗೆಣಸು ಹಾಕಿದ ಗಂಜಿಯನ್ನು ಅರ್ಧ ಬಟ್ಟಲು ಕುಡಿದಳು. ಉಪ್ಪು ಕಡಿಮೆ ಎಂದು ನನ್ನನ್ನು ಬೈದಳು.

ಆಮೇಲಿನ ದಿನಗಳು ಮೆಲ್ಲಗೆ ಸಾಗಿದವು. ತಗಡಿನ ಮನೆಗಳು ಬಂದವು. ಬುನ್‌ಖೆಯ ಕಾಲು ಕೂಡಿಕೊಂಡಿತು, ಸ್ವಲ್ಪ ಕುಂಟು ಉಳಿಯಿತು. ಕ್ವಾ ಲೇತುಗಳನ್ನು ಎತ್ತಿ ನಿಲ್ಲಿಸಿದ. ಒಂದು ದಿನ ಅವನಿಗೆ ಹೊಸ ಕೆಲಸ ಬಂತು. ಹೊಳೆಗೆ ಕಟ್ಟುತ್ತಿದ್ದ ಹೊಸ ಸೇತುವೆಯ ಕಂಬಗಳ ತಲೆಯ ಮೇಲೆ, ತೊಲೆಗಳ ಅಡಿಗೆ ಕೂರಿಸುವ ದೊಡ್ಡ ಬಿಳಿ ಬಿಲ್ಲೆಗಳು. ಬಿಸಿಲಿಗೆ ಸೇತುವೆ ಉದ್ದವಾಗುತ್ತದೆ, ಚಳಿಗೆ ಗಿಡ್ಡವಾಗುತ್ತದೆ. ಅದು ಕಂಬವನ್ನು ಎಳೆಯದೆ ಹೋಗಿ ಬರಲು ಅಡಿಗೆ ಜಾರುವ ಹಾಸು ಬೇಕು. ಎರಡು ಚಳಿಗಾಲ ಕಿಮ್ಲುವಾನ್ ಆ ಕೆಲಸ ಮಾಡಿದಳು.

"ಅಷ್ಟು ಭಾರದ ಕೆಳಗೆ ಇದು ಹೇಗೆ ಜಾರುತ್ತೆ?" ಎಂದು ನಾನು ಕೇಳಿದ್ದೆ.

"ಭಾರ ಬಿದ್ದಷ್ಟೂ ಸಲೀಸು ಅಕ್ಕಾ. ಅವಸರ ಮಾಡಿದ್ರೆ ಮಾತ್ರ ಹಿಡಿಯುತ್ತೆ. ಸೇತುವೆಗೆ ಏನು ಅವಸರ, ದಿನವೆಲ್ಲ ಸೇರಿ ಒಂದು ಬೆರಳಗಲ ಹೋಗುತ್ತೆ."

"ಅತ್ತ ಇತ್ತ ಹಿಟ್ಟಿನ ಥರ ಹರಿದುಹೋಗಲ್ವಾ?"

"ಸುತ್ತ ಉಕ್ಕಿನ ಬಳೆ ಇರುತ್ತೆ. ಅರ್ಧ ಅದರೊಳಗೆ ಕೂತಿರುತ್ತೆ. ಎಲ್ಲಿಗೂ ಹೋಗಲ್ಲ."

ಸೇತುವೆ ತೆರೆದ ವಾರ ನಾವು ನಾಲ್ವರೂ ಅದರ ಮೇಲೆ ನಡೆದು ಆಚೆ ದಡದ ಸಂತೆಗೆ ಹೊರಟೆವು. ಲಿಯಾವ್ ಅಜ್ಜಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸೊಸೆಯ ತೋಳು. ಬುನ್‌ಖೆ ಹಿಂದಿನಿಂದ ಕುಂಟುತ್ತ ಬರುತ್ತಿದ್ದ. ನಡು ಸೇತುವೆಯಲ್ಲಿ ಅಜ್ಜಿ ನಿಂತು ಕೆಳಗೆ ಹೊಳೆಯನ್ನೂ, ಮೇಲೆ ಬೇಸಗೆಯ ಬಿಳಿಚು ಆಕಾಶವನ್ನೂ ನೋಡಿದಳು.

"ಈಗ ಉದ್ದ ಆಗ್ತಾ ಇದೆಯಾ?"

"ಆಗ್ತಾ ಇದೆ ಅತ್ತೆ."

"ನನಗೇನೂ ಗೊತ್ತಾಗ್ತಾ ಇಲ್ಲವಲ್ಲ."

"ಯಾರಿಗೂ ಗೊತ್ತಾಗಲ್ಲ."

ಅಜ್ಜಿ ಕೋಲನ್ನು ನೆಲಕ್ಕೆ ಒತ್ತಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು. 'ನಡಿ, ಸಂತೆಯ ಸೊಪ್ಪು ಬಾಡಿಹೋಗುತ್ತೆ' ಎಂದು ಬುನ್‌ಖೆ ಹೇಳುತ್ತಾನೆ ಎಂದುಕೊಂಡೆ. ಅವನೂ ಕಟಾಂಜನಕ್ಕೆ ಒರಗಿ ನಿಂತಿದ್ದ. ಬಿಸಿಲು ಏರುತ್ತಿತ್ತು, ತರಕಾರಿ ತುಂಬಿದ ಲಾರಿಗಳು ನಮ್ಮ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಆಮೇಲೆ ಆಚೆ ದಡಕ್ಕೆ ಇಳಿದು ಹಾಗಲಕಾಯಿ, ಎಳೆ ಬಿದಿರು, ಅಜ್ಜಿಗೆ ಒಂದು ಜೊತೆ ಬಟ್ಟೆಯ ಚಪ್ಪಲಿ ಕೊಂಡು, ನೆರಳು ಬಂದ ಮೇಲೆ ಮನೆಗೆ ಮರಳಿದೆವು.